ಓಣಿ ಹಾದಿ ಒತ್ತಿ ಗೋಡೆ ಎದ್ದಿದೆ, ಪಂಚಾಯಿತಿ ಟ್ರ್ಯಾಕ್ಟರ್ ತರಲು ಹೊರಟಿದೆ. ಏನು ಮಾಡಬೇಕು?

ಓಣಿಯವ_ಕಲಬುರಗಿ:

ಎಲ್ಲರಿಗೂ ನಮಸ್ಕಾರ ರೀ. ಪಂಚಾಯಿತಿ ಕೆಲಸ ಗೊತ್ತಿದ್ದವರು, ಸರ್ವೆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ. ಸ್ವಲ್ಪ ಉದ್ದ ಇದೆ.

ನಮ್ಮದು ಕಲಬುರಗಿ ಜಿಲ್ಲೆಯ ಒಂದು ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ನಾಳೆಯೇ ಕಟ್ಟೆ ಮೇಲೆ ಅದೇ ಮಾತಾಗುತ್ತದೆ. ಮುಖ್ಯ ರಸ್ತೆಯಿಂದ ನಮ್ಮ ಓಣಿಯೊಳಗೆ ಬರಲು ಇರುವುದು ಒಂದೇ ಹಾದಿ. ಅಜ್ಜನ ಕಾಲದ ಖರೀದಿ ಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ), ನಮ್ಮ ಮನೆಯ ಪೂರ್ವಕ್ಕೆ 12 ಫೂಟು ಸರಕಾರಿ ಹಾದಿ ಅಂತ ಬರೆದಿದೆ. ಹೋದ ಬೇಸಿಗೆಯಲ್ಲಿ ಓಣಿ ಬಾಯಿಯ ಮನೆಯವರು ಹಳೇ ಮಣ್ಣಿನ ಗೋಡೆ ಕೆಡವಿ ಕಂಪೌಂಡ್ ಕಟ್ಟಿದರು. ಈಗ ಟೇಪು ಹಿಡಿದರೆ ಆ ಜಾಗದಲ್ಲಿ ಹಾದಿ ಒಂಬತ್ತು ಫೂಟಿಗೂ ಕಮ್ಮಿ.

ಗೋಡೆ ಬಂದು ನಿಂತಿರುವುದು ನಾಲಿಯ (ಚರಂಡಿಯ) ಮೇಲೆ. ನಾಲಿಯ ಮೇಲೆ ಮುಚ್ಚಿದ್ದ ಶಹಾಬಾದ್ ಫರಸಿಗಳು (ಕಲ್ಲಿನ ಚಪ್ಪಡಿಗಳು) ಅರ್ಧ ಗೋಡೆಯ ಕೆಳಗೆ ಸಿಕ್ಕಿಕೊಂಡಿವೆ, ಅರ್ಧ ಹೊರಗೆ ಕಾಣುತ್ತವೆ. ಮೊದಲು ಮಳೆಗಾಲಕ್ಕೆ ಮುಂಚೆ ಇಬ್ಬರು ಸೇರಿ ಫರಸಿ ಎತ್ತಿ, ಹೂಳು ತೆಗೆದು, ಮತ್ತೆ ಮುಚ್ಚುತ್ತಿದ್ದರು. ಈಗ ಒಂದು ಫರಸಿಯೂ ಅಲ್ಲಾಡುವುದಿಲ್ಲ. ಈ ಸಲ ಮಳೆ ಬಿದ್ದಾಗ ನಾಲಿಯ ನೀರೆಲ್ಲ ಹಿಂದಕ್ಕೆ ತಿರುಗಿ ಕೆಳಗಿನ ಮನೆಗಳ ಅಂಗಳಕ್ಕೆ ನುಗ್ಗಿತು. ಅದರಲ್ಲಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ, ಅವಳ ಮಂಚದ ಕಾಲಿನವರೆಗೆ ಗಟಾರದ ನೀರು ಬಂದಿತ್ತು.

ಪಂಚಾಯಿತಿಗೆ ಹೋದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರು ಇದು ನಿಮ್ಮಿಬ್ಬರ ಜಗಳ, ಕೋರ್ಟಿಗೆ ಹೋಗಿ ಅಂದರು. ನಮ್ಮ ವಾರ್ಡಿನ ಸದಸ್ಯರು ಸರ್ವೆ ಮಾಡಿಸು ಅಂದರು. ನಾಡ ಕಚೇರಿಗೆ ಹೋಗಿ ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಕೇಳಿದರೆ ಅದು ಹೊಲದ ಸರ್ವೆ ನಂಬರಿಗೆ, ಗಾವಠಾಣದ (ಊರಿನ ಜನವಸತಿ ಜಾಗದ) ಮನೆಗೆ ಬರುವುದಿಲ್ಲ ಅಂದರು. ಗೋಡೆ ಕಟ್ಟಿದವರು ನಮ್ಮ ಉತಾರದಲ್ಲಿ (ಆಸ್ತಿ ದಾಖಲೆಯ ನಕಲಿನಲ್ಲಿ) ಇದ್ದಷ್ಟೇ ಕಟ್ಟಿದ್ದೇವೆ ಅನ್ನುತ್ತಾರೆ, ಆದರೆ ಉತಾರ ತೋರಿಸುವುದಿಲ್ಲ. ಅವರು ನಮಗೆ ದೂರದ ಸಂಬಂಧಿಕರೂ ಹೌದು, ಮದುವೆ ಮುಂಜಿಗೆ ಮುಖ ನೋಡಬೇಕಾದವರು.

ಇದರ ಮಧ್ಯೆ ಪಂಚಾಯಿತಿಯವರು ಕಸ ಎತ್ತಲು ಹೊಸ ಟ್ರ್ಯಾಕ್ಟರ್, ಟ್ರ್ಯಾಲಿ ತರಬೇಕು ಅಂತ ತೀರ್ಮಾನ ಮಾಡುತ್ತಿದ್ದಾರಂತೆ. ನನ್ನ ಸಂಕಟ ಇಲ್ಲೇ ಇರುವುದು. ಟ್ರ್ಯಾಲಿ ನಮ್ಮ ಓಣಿ ಬಾಯಲ್ಲಿ ತಿರುಗುವುದೇ ಇಲ್ಲ. ಬರೀ ನಮ್ಮದಲ್ಲ, ಊರಿನ ಹಳೇ ಭಾಗದ ಅರ್ಧ ಓಣಿಗಳ ಪಾಡೂ ಇದೇ. ಹಿಂದೆ ತಂದ ಸೊಳ್ಳೆ ಹೊಗೆ ಹಾಕುವ ಯಂತ್ರ ಕಚೇರಿಯ ಹಿಂದಿನ ಕೋಣೆಯಲ್ಲಿ ಬಿದ್ದಿದೆ, ತಳ್ಳುವ ಗಾಡಿಗಳ ಗಾಲಿ ಜಂಗು ಹಿಡಿದಿವೆ. ಹಾದಿಯನ್ನೇ ಅಳೆಯದೆ ಗಾಡಿ ತಂದರೆ ಯಾರಿಗೆ ಉಪಯೋಗ?

ಎರಡು ವಿಷಯ ತಿಳಿಸಿ. ಒಂದು, ಹಾದಿ ಬಿಡಿಸಿಕೊಳ್ಳುವುದು ನಿಜವಾಗಿ ಯಾರ ಕೆಲಸ, ನಾನು ಎಲ್ಲಿಂದ ಶುರು ಮಾಡಬೇಕು? ಎರಡು, ಈ ಖರೀದಿ ಬಗ್ಗೆ ಊರಿನವರು ಕೇಳಬಹುದಾ, ಕೇಳಿದರೆ ಏನು ಕೇಳಬೇಕು?

ಗಡಿನಾಡು_ಆಳಂದ:

ಓಣಿಯವರೆಲ್ಲ ಒಟ್ಟಾಗಿ ಜೆಸಿಬಿ ತರಿಸಿ ಒಂದೇ ದಿನದಲ್ಲಿ ತೆಗೆಸಿಬಿಡಿ ಅಣ್ಣ. ಅರ್ಜಿ ಕೊಟ್ಟು ಕೊಟ್ಟು ಏನೂ ಆಗುವುದಿಲ್ಲ. ನಾಲಿ ನೀರು ಮನೆಯೊಳಗೆ ಬರುತ್ತಿದೆ ಅಂದ ಮೇಲೆ ಇನ್ನೂ ಎಷ್ಟು ದಿನ ಕಾಯುತ್ತೀರಿ?

ಟಿಪ್ಪಣಿ_ಸೇಡಂ:

ಜೆಸಿಬಿ ಮಾತು ದಯವಿಟ್ಟು ಬೇಡ. ನೀವೇ ಗೋಡೆಗೆ ಕೈ ಹಚ್ಚಿದರೆ ಮರುದಿನ ನಿಮ್ಮ ಮೇಲೆ ಪೊಲೀಸ್ ಕೇಸು, ಗೋಡೆ ಕಟ್ಟಿದವರು ಬಡಪಾಯಿಗಳು ಅಂತ ಆಗುತ್ತದೆ. ನಾನು ಪರವಾನಗಿ ಸರ್ವೇಯರ್ ಕೆಲಸ ಮಾಡುವವನು. ಇಂಥ ಜಗಳಗಳನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಪಿಡಿಒ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಇಬ್ಬರು ಖಾಸಗಿ ಮಾಲೀಕರ ನಡುವಿನ ಹದ್ದು ಯಾವುದು, ಜಾಗ ಯಾರ ಹಕ್ಕಿನದು ಅನ್ನುವುದನ್ನು ಪಂಚಾಯಿತಿ ತೀರ್ಮಾನ ಮಾಡಲು ಬರುವುದಿಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ. ಪಂಚಾಯಿತಿಯ ನಮೂನೆ 9, 11 ಇವೆಲ್ಲ ಆಸ್ತಿ ವಿವರ ಮತ್ತು ಕರದ ದಾಖಲೆ, ಮಾಲೀಕತ್ವವನ್ನು ಕೊಡುವ ಪತ್ರ ಅಲ್ಲ. ಆದರೆ ನಿಮ್ಮ ವಿಷಯ ಅದಲ್ಲವಲ್ಲ. ನಿಮ್ಮ ಜಾಗದ ಒಂದು ಇಂಚೂ ಹೋಗಿಲ್ಲ. ಹೋಗಿರುವುದು ಊರಿನ ಹಾದಿ, ಮುಚ್ಚಿರುವುದು ಊರಿನ ನಾಲಿ. ಅದನ್ನು ಕಾಯುವುದು ಪಂಚಾಯಿತಿಯದೇ ಹೊಣೆ. 1993ರ ಪಂಚಾಯತ್ ರಾಜ್ ಅಧಿನಿಯಮದ 72ನೇ ಪ್ರಕರಣ ಇರುವುದೇ ಸಾರ್ವಜನಿಕ ಬೀದಿ, ಖುಲ್ಲಾ ಜಾಗದ ಅಡ್ಡಿ ಮತ್ತು ಒತ್ತುವರಿ ತೆಗೆಸಲು. ನೋಟಿಸು ಕೊಟ್ಟು ತೆಗೆಸಬಹುದು, ತೆಗೆಯದಿದ್ದರೆ ತಾವೇ ತೆಗೆದು ಖರ್ಚನ್ನು ಒತ್ತುವರಿ ಮಾಡಿದವರಿಂದ ವಸೂಲಿ ಮಾಡಬಹುದು. ಹಾಗಾಗಿ ಇದು "ನಮ್ಮಿಬ್ಬರ ಜಗಳ" ಅಂತ ಎಲ್ಲೂ ಬರೆಯಬೇಡಿ, ಹಾಗೆ ಹೇಳಲೂ ಬೇಡಿ. ಅರ್ಜಿಯಲ್ಲಿ ನಿಮ್ಮ ಮನೆಯ ಸುದ್ದಿಯೇ ಕಮ್ಮಿ ಇರಲಿ.

ನಾಡ ಕಚೇರಿಯವರು ಹೇಳಿದ್ದೂ ಸುಳ್ಳಲ್ಲ. ಹೊಲದ ಪ್ರತಿ ಸರ್ವೆ ನಂಬರಿಗೂ ಟಿಪ್ಪಣಿ, ಅಂದರೆ ಅಳತೆ ಬರೆದ ಸರ್ವೆ ದಾಖಲೆ, ಇರುತ್ತದೆ. ಅದರ ಅಳತೆ ಹಿಡಿದು ಹದ್ದು ಮತ್ತೆ ಗುರುತಿಸಬಹುದು, ಬಾಂದು ಕಲ್ಲು (ಗಡಿ ಕಲ್ಲು) ಕಿತ್ತು ಹೋಗಿದ್ದರೂ. ನಮ್ಮ ಎರೆ ಭೂಮಿಯಲ್ಲಂತೂ ಬೇಸಿಗೆಗೆ ನೆಲ ಬಿರಿದು, ಮಳೆಗೆ ಉಬ್ಬಿ, ಕಲ್ಲು ತಾನಾಗಿಯೇ ವಾಲುತ್ತದೆ. ಕಲ್ಲು ನೋಡಿ ಜಗಳ ಆಡುವವರು ಇದನ್ನು ನೆನಪಿಡಬೇಕು, ಕಲ್ಲಿಗಿಂತ ಟಿಪ್ಪಣಿಯ ಅಳತೆಗೆ ಬೆಲೆ ಜಾಸ್ತಿ. ಆದರೆ ಗಾವಠಾಣದ ಒಳಗೆ ಹಾಗಿಲ್ಲ. ಊರ ನಕ್ಷೆಯಲ್ಲಿ ಗಾವಠಾಣ ಒಂದೇ ತುಂಡಾಗಿ ಇರುತ್ತದೆ, ಒಳಗಿನ ಮನೆ ಮನೆಗೆ ಟಿಪ್ಪಣಿ ಇರುವುದಿಲ್ಲ. ಒಂದು ಮಾತ್ರ ನೋಡಿ, ನಿಮ್ಮ ಹಾದಿಯ ಒಂದು ಬದಿ ಹೊಲದ ಸರ್ವೆ ನಂಬರಿಗೆ ತಾಗಿದ್ದರೆ ಆ ಹೊಲದವರು ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಆಗ ಹಾದಿಯ ಒಂದು ಅಂಚು ಸರಕಾರಿ ಅಳತೆಯಲ್ಲೇ ಗಟ್ಟಿ ಆಗುತ್ತದೆ.

ಹೊಲದ ಹಳೇ ಕಾಗದ ಹುಡುಕುವವರಿಗೆ ಒಂದು ಮಾತು. ನಮ್ಮ ಭಾಗ ನಿಜಾಮರ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಇತ್ತು. ಸೇತವಾರ, 1954-55ರ ಖಾಸ್ರಾ ಪಹಣಿ ಅನ್ನುವ ಜಮೀನು ದಾಖಲೆಗಳು ತಹಶೀಲ್ ಕಚೇರಿಯ ದಾಖಲೆ ಕೋಣೆಯಲ್ಲಿ ಸಿಗುತ್ತವೆ, ಹಳೇ ಕಾಗದ ಬಹಳಷ್ಟು ಉರ್ದುವಿನಲ್ಲಿ ಇರುತ್ತದೆ. ಓದಬಲ್ಲ ಹಿರಿಯರು ಈಗ ಕಮ್ಮಿ ಆಗಿದ್ದಾರೆ. ಅವರು ಇರುವಾಗಲೇ ನಕಲು ತೆಗೆಸಿ ಓದಿಸಿ ಬರೆದಿಟ್ಟುಕೊಳ್ಳಿ.

ನಿಮಗೆ ನಿಜವಾಗಿ ಕೈ ಹಿಡಿಯಬಹುದಾದದ್ದು ಸ್ವಾಮಿತ್ವ ಯೋಜನೆಯ ನಕ್ಷೆ. 2020ರ ಏಪ್ರಿಲ್ 24ರಂದು ಕೇಂದ್ರ ಸರಕಾರ ಶುರು ಮಾಡಿದ್ದು. ಊರಿನ ಜನವಸತಿ ಭಾಗವನ್ನು ಡ್ರೋನ್‌ನಿಂದ ಸರ್ವೆ ಮಾಡುತ್ತಾರೆ. ಡ್ರೋನ್ ಹಾರಿಸುವ ಮುಂಚೆ ಪ್ರತಿ ಆಸ್ತಿಯ ಮೂಲೆಗೆ ಸುಣ್ಣದ ಗೆರೆ ಹಾಕುತ್ತಾರೆ, ಮೇಲಿಂದ ಬಿಳಿ ಗೆರೆ ಕಾಣಲಿ ಅಂತ. ಆಮೇಲೆ ಕರಡು ನಕ್ಷೆ ತೋರಿಸಿ ತಕರಾರು ಕೇಳುತ್ತಾರೆ. ನಿಮ್ಮ ಊರಲ್ಲಿ ಇದು ಆಗಿದೆಯಾ? ಆಗಿದ್ದರೆ ಯಾವಾಗ? ಡ್ರೋನು ಆ ದಿನ ನೆಲದ ಮೇಲೆ ಇದ್ದದ್ದನ್ನು ಮಾತ್ರ ತೋರಿಸುತ್ತದೆ. ಗೋಡೆ ಎದ್ದ ಮೇಲೆ ಹಾರಿದ್ದರೆ ಗೋಡೆಯೇ ಹದ್ದಿನಂತೆ ನಕ್ಷೆಗೆ ಬಂದಿರುತ್ತದೆ, ಆಗ ತಕ್ಷಣ ತಕರಾರು ಕೊಡಬೇಕು. ಗೋಡೆಗೆ ಮುಂಚೆ ಹಾರಿದ್ದರೆ ಹಳೇ ಮಣ್ಣಿನ ಗೋಡೆ, ಹಾದಿಯ ಅಗಲ ಎರಡೂ ಅದರಲ್ಲಿ ಇರುತ್ತವೆ. ಅದಕ್ಕಿಂತ ಒಳ್ಳೇ ಸಾಕ್ಷಿ ನಿಮಗೆ ಸಿಗುವುದಿಲ್ಲ.

ಅಲ್ಲಿಯವರೆಗೆ ಈ ಕೆಲಸ ಮಾಡಿ. ಹಾದಿಯ ಎರಡೂ ಬದಿಯ ಮನೆಗಳ ನಮೂನೆ 9ರ ಅಳತೆ ತೆಗೆಸಿ. ಊರಲ್ಲಿ ಎಂದೂ ಅಲ್ಲಾಡದ ಒಂದು ಗುರುತು ಹಿಡಿಯಿರಿ, ಗುಡಿಯ ಕಟ್ಟೆಯೋ ಹಳೇ ಬಾವಿಯೋ ಯಾವುದಾದರೂ. ಅಲ್ಲಿಂದ ಟೇಪು ಹಿಡಿದು ಒಂದೊಂದೇ ಮನೆ ಅಳೆಯಿರಿ. ಗೋಡೆ ಕಟ್ಟಿದವರ ಮನೆ ದಾಖಲೆಗಿಂತ ನೆಲದ ಮೇಲೆ ದೊಡ್ಡದಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅಳೆಯುವಾಗ ಅವರನ್ನೂ ಕರೆಯಿರಿ, ಕರೆದಿದ್ದಕ್ಕೆ ಗುರುತು ಇರಲಿ. ಫರಸಿಗಳು ಗೋಡೆಯ ಕೆಳಗೆ ಸಿಕ್ಕಿರುವ ಫೋಟೋ ಈಗಲೇ ತೆಗೆದಿಡಿ, ಪಕ್ಕದಲ್ಲಿ ಟೇಪು ಇಟ್ಟು. ಪ್ಲಾಸ್ಟರ್ ಮಾಡಿ ಮುಚ್ಚಿಬಿಟ್ಟರೆ ಆಮೇಲೆ ತೋರಿಸುವುದು ಕಷ್ಟ.

ಓಣಿಯವ_ಕಲಬುರಗಿ:

ಸರ್, ಬಹಳ ಉಪಕಾರ ಆಯಿತು. ನಮ್ಮ ಊರಲ್ಲಿ ಸುಣ್ಣದ ಗೆರೆ ಹಾಕಿದ್ದು ಎಲ್ಲರಿಗೂ ನೆನಪಿದೆ, ಮಕ್ಕಳು ಡ್ರೋನ್ ಹಿಂದೆ ಓಡಿದ್ದರು. ಅದು ಗೋಡೆ ಕಟ್ಟುವ ಮುಂಚೆಯೇ ಆಗಿದ್ದು, ಅದರಲ್ಲಿ ಅನುಮಾನ ಇಲ್ಲ. ಆಗ ಮಣ್ಣಿನ ಗೋಡೆಯ ಮೂಲೆಗೆ ಸುಣ್ಣ ಹಾಕುವಾಗ ಆ ಮನೆಯ ಹಿರಿಯರೇ ನಿಂತು ತೋರಿಸಿದ್ದರು. ನಕ್ಷೆ ಮಾತ್ರ ನಮಗೆ ಯಾರೂ ತೋರಿಸಿಲ್ಲ, ಆಸ್ತಿ ಕಾರ್ಡೂ ಬಂದಿಲ್ಲ. ಅದನ್ನು ಎಲ್ಲಿ ಕೇಳಬೇಕು?

ಫೋಟೋ ಇವತ್ತೇ ತೆಗೆಯುತ್ತೇನೆ. ಹಾದಿಯ ಒಂದು ಬದಿ ಹೊಲ ಅಲ್ಲ, ಎರಡೂ ಕಡೆ ಮನೆಗಳೇ.

ಟ್ರ್ಯಾಕ್ಟರ್ ವಿಷಯ ಯಾರೂ ಹೇಳಲಿಲ್ಲ, ಅದರ ಬಗ್ಗೆಯೂ ಗೊತ್ತಿದ್ದವರು ತಿಳಿಸಿ.

ಮಾಜಿ_ಸದಸ್ಯೆ_ಭಾಲ್ಕಿ:

ತಮ್ಮಾ, ನಾನು ಬೀದರ್ ಜಿಲ್ಲೆಯವಳು, ಒಂದು ಅವಧಿ ಪಂಚಾಯಿತಿ ಸದಸ್ಯೆ ಆಗಿದ್ದೆ. ಖರೀದಿ ಬಗ್ಗೆ ಊರಿನವರು ಕೇಳಬಹುದಾ ಅಂತ ಕೇಳಿದಿಯಲ್ಲ, ಕೇಳಲೇಬೇಕು. ದುಡ್ಡು ಊರಿನದು. ಸದಸ್ಯರಿಗೂ ಎಷ್ಟೋ ಸಲ ಪೂರ್ತಿ ಗೊತ್ತಿರುವುದಿಲ್ಲ. ಸಭೆಯ ಕೊನೆಗೆ, ಎಲ್ಲರೂ ಎದ್ದು ಹೊರಡುವ ಹೊತ್ತಿಗೆ, "ಯಂತ್ರೋಪಕರಣ ಖರೀದಿ ಬಗ್ಗೆ" ಅಂತ ಒಂದು ಸಾಲು ಓದಿ ಸಹಿ ತಗೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ. ಆ ಒಂದು ಸಾಲಿನಲ್ಲಿ ಯಾವ ಗಾಡಿ, ಯಾವ ಲೆಕ್ಕದ ದುಡ್ಡು, ಯಾಕೆ ಬೇಕು ಏನೂ ಇರುವುದಿಲ್ಲ.

ಮೊದಲು ದುಡ್ಡು ಯಾವುದು ಅಂತ ಕೇಳು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನಿರ್ಬಂಧಿತ. ಅದರಲ್ಲಿ 30 ಕುಡಿಯುವ ನೀರಿಗೆ, 30 ನೈರ್ಮಲ್ಯಕ್ಕೆ. ಉಳಿದ 40ನ್ನು ಊರಿನ ಬೇರೆ ಅಗತ್ಯಕ್ಕೆ ಬಳಸಬಹುದು, ಆದರೆ ಸಂಬಳಕ್ಕೆ ಬಳಸುವ ಹಾಗಿಲ್ಲ. ಈಗ ಯೋಚನೆ ಮಾಡು. ಗಾಡಿ ಅನುದಾನದಲ್ಲಿ ಬಂತು. ಡ್ರೈವರ್ ಸಂಬಳ, ಡೀಸೆಲ್, ವಿಮೆ, ಟಯರು, ರಿಪೇರಿ ಎಲ್ಲಿಂದ? ಅದೆಲ್ಲ ಕೊನೆಗೆ ಮನೆ ಕರ, ನೀರಿನ ಕರದ ಮೇಲೆ ಬೀಳುತ್ತದೆ. ಕರ ವಸೂಲಿ ಸರಿಯಾಗಿ ಆಗದ ಪಂಚಾಯಿತಿಯಲ್ಲಿ ಗಾಡಿ ನಿಂತುಬಿಡುವುದು ಇದೇ ಕಾರಣಕ್ಕೆ. ಯಾವ ಯಂತ್ರವೂ ಕೆಟ್ಟದ್ದಲ್ಲ. ಅದನ್ನು ಓಡಿಸುವ ವರ್ಷದ ಖರ್ಚು ಯಾರೂ ಬರೆದಿರುವುದಿಲ್ಲ, ಅಷ್ಟೇ. ನಿಮ್ಮ ಹೊಗೆ ಯಂತ್ರ ಕೋಣೆ ಸೇರಿದ್ದೂ ಬಹುಶಃ ಹೀಗೇ, ಅದಕ್ಕೆ ಎಣ್ಣೆ ಮತ್ತು ಔಷಧಿ ತರುವ ದುಡ್ಡು ಬೇರೆ ಬೇಕಲ್ಲ.

ಎರಡನೇದು ವಾರ್ಷಿಕ ಯೋಜನೆ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಈ ಟ್ರ್ಯಾಕ್ಟರ್ ಸೇರಿದೆಯಾ, ಗ್ರಾಮಸಭೆಯಲ್ಲಿ ಯಾರಾದರೂ ಕೇಳಿದ್ದರಾ? ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ನೋಡು. ಸೇರಿಲ್ಲದಿದ್ದರೆ ಇದು ಎಲ್ಲಿಂದ ಬಂತು ಅಂತ ಕೇಳುವ ಹಕ್ಕು ನಿನಗೆ ಪೂರ್ತಿ ಇದೆ.

ಮೂರನೇದು ಖರೀದಿ ಮಾಡುವ ರೀತಿ. 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ ಪಂಚಾಯಿತಿಗೂ ಅನ್ವಯ. ಟ್ರ್ಯಾಕ್ಟರ್‌ನಷ್ಟು ಬೆಲೆಯ ಸಾಮಾನನ್ನು ಗೊತ್ತಿದ್ದ ಅಂಗಡಿಯಿಂದ ಮೂರು ಕೊಟೇಶನ್ ತರಿಸಿ ಮುಗಿಸುವ ಹಾಗಿಲ್ಲ. ಸರಕಾರಿ ಪೋರ್ಟಲ್ ಮೂಲಕ, ಟೆಂಡರ್ ಕರೆದು ತಗೋಬೇಕು. ಕೆಲವು ಕಡೆ ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ತುಂಡು ತುಂಡು ಮಾಡಿ ಬಿಲ್ ಹಾಕುತ್ತಾರೆ, ಬೀದಿ ದೀಪ, ಮೋಟರ್ ಖರೀದಿಯಲ್ಲಿ ಇದು ಜಾಸ್ತಿ. ಕಾಯ್ದೆ ಅದನ್ನು ಒಪ್ಪುವುದಿಲ್ಲ. ಇನ್ನೊಂದು ಕಡೆ ಕಣ್ಣಿಡು, ಟೆಂಡರ್‌ನಲ್ಲಿ ಬರೆಯುವ ಗಾಡಿಯ ವಿವರ ಒಂದೇ ಕಂಪನಿಯ ಕರಪತ್ರದಿಂದ ಎತ್ತಿ ಬರೆದ ಹಾಗೆ ಇದ್ದರೆ ಬೇರೆ ಯಾರೂ ಒಳಗೆ ಬರಲು ಆಗುವುದಿಲ್ಲ. ಅಗಲ ಎಷ್ಟು, ಎಷ್ಟು ಜಾಗದಲ್ಲಿ ತಿರುಗಬೇಕು, ಹಸಿ ಕಸ ಒಣ ಕಸ ಬೇರೆ ಹಾಕಲು ಎರಡು ಭಾಗ ಇದೆಯಾ, ಇಂಥದ್ದು ಬರೆಯಬೇಕು. ಆಗ ನಿಮ್ಮ ಓಣಿಯ ಅಳತೆಯೂ ಅದರೊಳಗೆ ಬಂದೇ ಬರುತ್ತದೆ.

ಗಾಡಿ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಆರ್‌ಸಿ (ಗಾಡಿಯ ನೋಂದಣಿ ಪತ್ರ) ಪಂಚಾಯಿತಿ ಹೆಸರಿಗೆ ಇರಬೇಕು. ಸ್ಟಾಕ್ ರಿಜಿಸ್ಟರಿಗೆ ಏರಬೇಕು. ದಿನಾ ಎಲ್ಲಿ ಓಡಿತು, ಎಷ್ಟು ಡೀಸೆಲ್ ಹೋಯಿತು ಅಂತ ಲಾಗ್ ಬುಕ್ ಬರೆಯಬೇಕು. ಲಾಗ್ ಬುಕ್ ಇಲ್ಲದ ಟ್ರ್ಯಾಕ್ಟರ್ ಯಾರದೋ ಹೊಲದಲ್ಲಿ ತೊಗರಿ ಬಿತ್ತುತ್ತಿರುತ್ತದೆ. ದುಡ್ಡು ಸಂದಾಯ ಆದದ್ದನ್ನು ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ನಿಮ್ಮ ಪಂಚಾಯಿತಿ ಹೆಸರು ಆರಿಸಿದರೆ ಸಾಕು. ಸಂದಾಯಕ್ಕೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಒಪ್ಪಿಗೆಯೂ ಬೇಕು, ಹಾಗಾಗಿ ಒಬ್ಬರು ಇನ್ನೊಬ್ಬರ ಮೇಲೆ ಹಾಕಲು ಬರುವುದಿಲ್ಲ. ಮತ್ತೆ ಜಮಾಬಂದಿ. ವರ್ಷಕ್ಕೊಮ್ಮೆ ಪಂಚಾಯಿತಿ ಲೆಕ್ಕ, ಕಾಮಗಾರಿ, ಸಾಮಾನು ಎಲ್ಲ ಜನರ ಮುಂದೆ ಇಟ್ಟು ನೋಡುವ ದಿನ ಅದು. ನಮ್ಮಲ್ಲಿ ಜನ ಬರುವುದಿಲ್ಲ, ಬಂದವರು ಚಹಾ ಕುಡಿದು ಹೋಗುತ್ತಾರೆ. ನೀನು ಹೋಗು. ಆ ಹೊಗೆ ಯಂತ್ರ, ತಳ್ಳು ಗಾಡಿ ಸ್ಟಾಕ್ ರಿಜಿಸ್ಟರಿನಲ್ಲಿ ಹೇಗೆ ಬರೆದಿದ್ದಾರೆ, ಈಗ ಯಾವ ಸ್ಥಿತಿಯಲ್ಲಿವೆ ಅಂತ ಎಲ್ಲರ ಮುಂದೆ ಕೇಳು. ಹೊಸ ಗಾಡಿ ಬೇಕಾ ಬೇಡವಾ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಜೇವರ್ಗಿ_ತೊಗರಿ:

ಅಕ್ಕಾವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಕೇಳಿದ ಅಣ್ಣನಿಗೆ ಒಂದು ಎಚ್ಚರಿಕೆ. ಟ್ರ್ಯಾಕ್ಟರ್ ಬೇಡ ಅಂತ ಅಡ್ಡ ನಿಲ್ಲಬೇಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬೋರು ಬತ್ತಿದಾಗ ಟ್ಯಾಂಕರ್ ಎಳೆಯಲು ಟ್ರ್ಯಾಕ್ಟರೇ ಬೇಕು. ಆಗ ಪಂಚಾಯಿತಿ ಖಾಸಗಿ ಟ್ರ್ಯಾಕ್ಟರ್ ಬಾಡಿಗೆಗೆ ತಗೊಂಡು ಬಹಳ ದುಡ್ಡು ಕಳೆಯುತ್ತದೆ. ನೀವು ಬೇಡ ಅಂದಿರಿ ಅಂತ ಸುದ್ದಿ ಹಬ್ಬಿದರೆ ಇಡೀ ಊರು ನಿಮ್ಮ ವಿರುದ್ಧ ನಿಲ್ಲುತ್ತದೆ, ಓಣಿ ಹಾದಿಯ ವಿಷಯಕ್ಕೂ ಯಾರೂ ಜೊತೆಗೆ ಬರುವುದಿಲ್ಲ.

ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಲೂ ಬೇಡಿ. ಖರೀದಿ ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾಗಿ ಹಾದಿಯ ಅರ್ಜಿಯನ್ನು ಮೂಲೆಗೆ ಹಾಕುವವರು ಇರುತ್ತಾರೆ.

ಮಾಜಿ_ಸದಸ್ಯೆ_ಭಾಲ್ಕಿ:

ನೀರಿನ ಮಾತು ಖರೆ, ಅದನ್ನು ನಾನು ಬರೆಯಲೇ ಇಲ್ಲ. ಆದರೆ ನೀರಿಗೆ ಬೇಕಿದ್ದರೆ ನೀರಿಗೆ ಅಂತಲೇ ಬರೆದು, ಟ್ಯಾಂಕರ್ ಜೊತೆಗೆ ತರಲಿ. ಕಸದ ಹೆಸರಲ್ಲಿ ತಂದು ನೀರು ಎಳೆಯುವುದು, ಕಸ ಹೋಗಿ ಅಲ್ಲೇ ತಿಪ್ಪೆ ಬೀಳುವುದು, ಇದು ಬೇಡ. ಕಸದ ಟ್ರ್ಯಾಲಿಯನ್ನೇ ತೊಳೆದು ಅದರಲ್ಲಿ ನೀರಿನ ಟಾಕಿ ಇಟ್ಟುಕೊಂಡು ಹೋಗುವುದನ್ನು ನೋಡಿದ್ದೇನೆ. ಆ ನೀರನ್ನು ಮಕ್ಕಳು ಕುಡಿಯುತ್ತಾರೆ.

ಶಹಾಪುರ_ಹುಡುಗ:

ಯಾದಗಿರಿ ಕಡೆಯಿಂದ ಒಂದು ಅನುಭವ. ನಮ್ಮ ಪಕ್ಕದ ಪಂಚಾಯಿತಿಯಲ್ಲಿ ಗಾಡಿ ತರುವ ಮುಂಚೆ ಒಂದು ಕೆಲಸ ಮಾಡಿದರು. ಗಾಡಿಯ ಅಗಲಕ್ಕೆ ಸರಿಯಾಗಿ, ಎರಡೂ ಬದಿಗೆ ಒಂದೊಂದು ಗೇಣು ಜಾಸ್ತಿ ಬಿಟ್ಟು, ಒಂದು ಬಿದಿರು ಕತ್ತರಿಸಿದರು. ವಾಟರ್‌ಮನ್ ಮತ್ತು ಇಬ್ಬರು ಸದಸ್ಯರು ಅದನ್ನು ಅಡ್ಡ ಹಿಡಿದುಕೊಂಡು ಊರಿನ ಎಲ್ಲ ಓಣಿ ತಿರುಗಿದರು. ಎಲ್ಲಿ ತಾಗುತ್ತದೋ ಅಲ್ಲಿ ಗೋಡೆಗೆ ಸುಣ್ಣದ ಗುರುತು. ಟ್ರ್ಯಾಲಿ ಅಳತೆಯ ಬಿದಿರು ಬಹಳ ಕಡೆ ತಾಗಿತು, ಸಣ್ಣ ಆಟೋ ಟಿಪ್ಪರ್ ಅಳತೆಯದು ಕೆಲವೇ ಕಡೆ. ಸುಮ್ನೆ ಮಾತಾಡಿದ್ದರೆ ವರ್ಷ ಹೋಗುತ್ತಿತ್ತು, ಅದು ಅರ್ಧ ದಿನದಲ್ಲಿ ತೀರ್ಮಾನ ಆಯಿತು.

ಈಗ ಅಲ್ಲಿ ಸ್ವಚ್ಛ ವಾಹಿನಿ ಆಟೋ ಓಡುತ್ತದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಡ್ರೈವಿಂಗ್ ಕಲಿತು ಓಡಿಸುತ್ತಾರೆ. ಆಟೋ ಹೋಗದ ಓಣಿಗೆ ತಳ್ಳು ಗಾಡಿ ಹೋಗುತ್ತದೆ, ಓಣಿ ಬಾಯಲ್ಲಿ ಆಟೋಕ್ಕೆ ಸುರಿಯುತ್ತಾರೆ. ಹಾಗಾಗಿ ಅಣ್ಣ, ನಿಮ್ಮ ಹಳೇ ತಳ್ಳು ಗಾಡಿಗಳಿಗೆ ಗಾಲಿ ಹಾಕಿಸಿದರೂ ಸಾಕು, ಅರ್ಧ ಸಮಸ್ಯೆ ಇವತ್ತೇ ತೀರುತ್ತದೆ. ಗಾಲಿ, ಬೇರಿಂಗ್ ಹಾಕಿಸಲು ಹೊಸ ಗಾಡಿಯ ಖರ್ಚು ಬರುವುದಿಲ್ಲ.

ಇನ್ನೊಂದು, ಆ ಬಿದಿರಿನ ಅಳತೆಯಿಂದ ಇನ್ನೊಂದು ಉಪಯೋಗ ಆಯಿತು. ಯಾವ ಯಾವ ಕಡೆ ಹಾದಿ ಒತ್ತಿದ್ದಾರೆ ಅಂತ ಊರಿಗೇ ಕಂಡಿತು. ಯಾರ ಮೇಲೂ ಬೆರಳು ಮಾಡದೆ ಪಟ್ಟಿ ಆಯಿತು. ಅದರಲ್ಲಿ ಸದಸ್ಯರೊಬ್ಬರ ಮನೆ ಮೆಟ್ಟಿಲೂ ಇತ್ತು. ಅವರೇ ಮೊದಲು ಒಡೆಸಿದರು, ಆಮೇಲೆ ಬೇರೆಯವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಓಣಿಯವ_ಕಲಬುರಗಿ:

ಬಿದಿರಿನ ಐಡಿಯಾ ನಮ್ಮ ಸದಸ್ಯರಿಗೆ ಫೋನಿನಲ್ಲೇ ಓದಿ ಹೇಳಿದೆ, ಅವರು ಒಪ್ಪಿದ್ದಾರೆ. ಅಕ್ಕಾ, ನೀವು ಹೇಳಿದ ಹಾಗೆ ನಡಾವಳಿ ನಕಲು ಕೇಳುತ್ತೇನೆ. ಜೇವರ್ಗಿಯವರು ಹೇಳಿದ್ದೂ ತಲೆಗೆ ಬಂತು, ಎರಡೂ ಬೇರೆ ಬೇರೆಯೇ ಇರಲಿ. ಹಾದಿಯ ಅರ್ಜಿಯಲ್ಲಿ ಸರಿಯಾಗಿ ಏನು ಬರೆಯಬೇಕು, ಯಾರಾದರೂ ಒಂದು ಮಾದರಿ ಕೊಟ್ಟರೆ ದೊಡ್ಡ ಉಪಕಾರ. ಓಣಿಯ ಎಲ್ಲರ ಸಹಿ ಮಾಡಿಸುತ್ತೇನೆ.

ಟಿಪ್ಪಣಿ_ಸೇಡಂ:

ಸ್ವಾಮಿತ್ವ ನಕ್ಷೆಯನ್ನು ಮೊದಲು ನಿಮ್ಮ ಪಂಚಾಯಿತಿಯಲ್ಲೇ ಕೇಳಿ, ಇಲ್ಲ ಅಂದರೆ ತಾಲೂಕಿನ ಸರ್ವೆ ಕಚೇರಿಯಲ್ಲಿ ಭೂದಾಖಲೆಗಳ ಸಹಾಯಕ ನಿರ್ದೇಶಕರ ಬಳಿ. ಬಾಯಿ ಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ನಕ್ಷೆಗೆ ಒಂದು, ಖರೀದಿ ನಡಾವಳಿಗೆ ಇನ್ನೊಂದು.

ಹಾದಿಯ ಅರ್ಜಿ ಹೀಗೆ ಬರೆಯಿರಿ, ಊರಿನ ವಿವರ ನೀವು ತುಂಬಿಕೊಳ್ಳಿ:

"ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ. ವಿಷಯ: ಸಾರ್ವಜನಿಕ ಹಾದಿ ಮತ್ತು ನಾಲಿಯ ಮೇಲಿನ ಒತ್ತುವರಿ ತೆಗೆಸುವ ಬಗ್ಗೆ. ನಮ್ಮ ಓಣಿಯ ಸಾರ್ವಜನಿಕ ಹಾದಿಯು ಖರೀದಿ ಪತ್ರದ ಪ್ರಕಾರ 12 ಫೂಟು ಇದೆ. ಇತ್ತೀಚೆಗೆ ಕಟ್ಟಿದ ಕಂಪೌಂಡ್ ಗೋಡೆಯು ಪಂಚಾಯಿತಿ ನಾಲಿಯ ಫರಸಿಯ ಮೇಲೆ ನಿಂತಿದ್ದು, ಹಾದಿ ಕಿರಿದಾಗಿದೆ, ನಾಲಿಯ ಹೂಳು ತೆಗೆಯಲು ಆಗುತ್ತಿಲ್ಲ, ಮಳೆ ನೀರು ಮನೆಗಳಿಗೆ ನುಗ್ಗುತ್ತಿದೆ. ಪಂಚಾಯತ್ ರಾಜ್ ಅಧಿನಿಯಮ 1993ರ 72ನೇ ಪ್ರಕರಣದಂತೆ ಸ್ಥಳ ಪರಿಶೀಲನೆ ಮಾಡಿ, ಎರಡೂ ಬದಿಯ ಆಸ್ತಿಗಳ ನಮೂನೆ 9 ಮತ್ತು ಸ್ವಾಮಿತ್ವ ನಕ್ಷೆಯೊಂದಿಗೆ ಅಳತೆ ಹೋಲಿಸಿ, ಪಂಚನಾಮೆ ಬರೆದು, ಒತ್ತುವರಿ ತೆಗೆಸಲು ಕ್ರಮ ತೆಗೆದುಕೊಳ್ಳಬೇಕು. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಇಟ್ಟು ನಡಾವಳಿಯಲ್ಲಿ ದಾಖಲಿಸಿ, ನಮಗೆ ಹಿಂಬರಹ ಕೊಡಬೇಕು."

ಗೋಡೆ ಕಟ್ಟಿದವರ ಹೆಸರಿನ ಮುಂದೆ ಒಂದು ಕೆಟ್ಟ ಮಾತೂ ಬೇಡ, ಆಸ್ತಿ ನಂಬರ್ ಮಾತ್ರ ಬರೆಯಿರಿ. ಸಂಬಂಧಿಕರು ಅಂದಿರಲ್ಲ, ಅರ್ಜಿ ಕೊಡುವ ಮುಂಚೆ ಹಿರಿಯರೊಬ್ಬರನ್ನು ಕಳಿಸಿ ಒಂದು ಮಾತು ಕೇಳಿ ನೋಡಿ. ಸುಣ್ಣ ಹಾಕುವಾಗ ಅವರ ಮನೆಯ ಹಿರಿಯರೇ ಮೂಲೆ ತೋರಿಸಿದ್ದರು ಅಂದ ಮೇಲೆ ಅವರಿಗೂ ಅಳತೆ ಗೊತ್ತೇ ಇರುತ್ತದೆ. ಒಪ್ಪಿ ಹಿಂದಕ್ಕೆ ಸರಿಸುತ್ತೇವೆ ಅಂದರೆ ಪಂಚಾಯಿತಿ ಮುಂದೆಯೇ ಬರೆದುಕೊಡಲಿ, ಕಟ್ಟೆ ಮೇಲಿನ ಮಾತಿಗೆ ಬಿಡಬೇಡಿ.

ಅರ್ಜಿಗೆ ಖರೀದಿ ಪತ್ರದ ನಕಲು, ಟೇಪು ಇಟ್ಟು ತೆಗೆದ ಫೋಟೋ ಹಚ್ಚಿ. ಪಿಡಿಒ ಏನೂ ಮಾಡದಿದ್ದರೆ ಅದೇ ಕಾಗದಗಳೊಂದಿಗೆ ತಾಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಬಳಿ ಹೋಗಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು, ತಾರೀಖು, ಸಹಿ ಹಾಕಿಸಿಕೊಂಡೇ ಹೊರಗೆ ಬನ್ನಿ.